ಫೋಟೊ ಹಗುರವಾಗಬೇಕಾದರೆ ಮೊದಲು ಅಳತೆ, ಆಮೇಲೆ ಗುಣಮಟ್ಟ

ಪ್ರಶ್ನೆ: ನಾವು ಕೆಲವು ಪಕ್ಷಿವೀಕ್ಷಕರು ಸೇರಿ ಒಂದು ಸಣ್ಣ ಜಾಲತಾಣ ನಡೆಸುತ್ತಿದ್ದೇವೆ. ಪ್ರತಿ ಸಲ ಹಕ್ಕಿ ನೋಡಿ ಬಂದ ಮೇಲೆ ಐವತ್ತು ಅರವತ್ತು ಫೋಟೊಗಳನ್ನು ಒಂದೇ ಪುಟದಲ್ಲಿ ಹಾಕುತ್ತೇವೆ. ಒಂದೊಂದು ಫೋಟೊ 4ರಿಂದ 8 ಎಂಬಿ ಇರುವುದರಿಂದ ಪುಟ ತೆರೆಯುವುದು ಬಹಳ ನಿಧಾನ. ಯಾರೋ ಹೇಳಿದರೆಂದು ಡಿಪಿಐಯನ್ನು 300ರಿಂದ 72ಕ್ಕೆ ಇಳಿಸಿದೆ, ಗಾತ್ರ ಒಂದಿಷ್ಟೂ ಬದಲಾಗಲಿಲ್ಲ. ಜಿಪ್ ಮಾಡಿ ನೋಡಿದೆ, ಅದರಿಂದಲೂ ಪ್ರಯೋಜನವಾಗಲಿಲ್ಲ. ಕೊನೆಗೆ ಗುಣಮಟ್ಟವನ್ನು 25ಕ್ಕೆ ಇಳಿಸಿದಾಗ ಗಾತ್ರವೇನೋ ಕಡಿಮೆಯಾಯಿತು, ಆದರೆ ಆಕಾಶದ ತುಂಬ ಚೌಕಚೌಕದ ಕಲೆಗಳು, ರೆಕ್ಕೆಯ ಅಂಚಿನಲ್ಲಿ ಕೊಳೆ ಮೆತ್ತಿದಂತಹ ಗುರುತುಗಳು ಕಾಣಿಸಿಕೊಂಡವು. ಯಾವ ಕ್ರಮದಲ್ಲಿ, ಎಷ್ಟರ ಮಟ್ಟಿಗೆ ಇಳಿಸಬೇಕು? ವೆಬ್‌ಪಿ ಎಂಬ ಚಿತ್ರಸ್ವರೂಪಕ್ಕೆ ಬದಲಾಯಿಸಿದರೆ ಸಾಕೇ?

ಉತ್ತರ: ನಿಮ್ಮ ಮೂರು ಪ್ರಯತ್ನಗಳೂ ಕೈಕೊಟ್ಟದ್ದಕ್ಕೆ ಕಾರಣಗಳು ಬೇರೆ ಬೇರೆ ಇದ್ದರೂ, ಗೊಂದಲ ಹುಟ್ಟುವುದು ಒಂದೇ ಕಡೆ. ‘ಸೈಜ್’ ಎಂಬ ಒಂದೇ ಮಾತನ್ನು ನಾವು ಮೂರು ಸಂಗತಿಗಳಿಗೆ ಬಳಸುತ್ತೇವೆ: ಕಡತ ಎಷ್ಟು ಎಂಬಿ ಜಾಗ ಹಿಡಿಯುತ್ತದೆ ಎಂಬುದಕ್ಕೆ, ಚಿತ್ರದ ಅಗಲ ಮತ್ತು ಎತ್ತರ ಎಷ್ಟು ಪಿಕ್ಸೆಲ್ ಎಂಬುದಕ್ಕೆ, ಕಾಗದದ ಮೇಲೆ ಮುದ್ರಿಸಿದರೆ ಅದು ಎಷ್ಟು ಇಂಚು ಬರುತ್ತದೆ ಎಂಬುದಕ್ಕೆ. ಈ ಉತ್ತರದಲ್ಲಿ ಮೊದಲನೆಯದನ್ನು ಗಾತ್ರವೆಂದೂ ಎರಡನೆಯದನ್ನು ಅಳತೆಯೆಂದೂ ಕರೆಯುತ್ತೇನೆ. ಮೂರನೆಯದು ಜಾಲತಾಣದ ಕೆಲಸಕ್ಕೆ ಬೇಕಾಗಿಯೇ ಇಲ್ಲ.

ಡಿಪಿಐ ಸೇರುವುದು ಈ ಮೂರನೆಯದಕ್ಕೆ. ಮುದ್ರಿಸುವಾಗ ಒಂದು ಇಂಚಿನಲ್ಲಿ ಎಷ್ಟು ಪಿಕ್ಸೆಲ್‌ಗಳನ್ನು ಕೂರಿಸಬೇಕು ಎಂದು ಕಡತದ ತಲೆಭಾಗದಲ್ಲಿ ಬರೆದಿಟ್ಟ ಒಂದು ಸಂಖ್ಯೆ ಅದು, ಅಷ್ಟೆ. 4000 ಪಿಕ್ಸೆಲ್ ಅಗಲದ ಚಿತ್ರದಲ್ಲಿ 300 ಎಂದು ಬರೆದರೂ 72 ಎಂದು ಬರೆದರೂ ಪಿಕ್ಸೆಲ್‌ಗಳು 4000ವೇ ಉಳಿಯುತ್ತವೆ, ಬ್ರೌಸರ್ ಆ ಸಂಖ್ಯೆಯನ್ನು ಗಣನೆಗೆ ತೆಗೆದುಕೊಳ್ಳುವುದೇ ಇಲ್ಲ. ‘ಜಾಲತಾಣಕ್ಕೆ 72 ಡಿಪಿಐ’ ಎಂಬ ಸಲಹೆ ದಶಕಗಳಿಂದ ಬಾಯಿಂದ ಬಾಯಿಗೆ ದಾಟುತ್ತಿದೆ. ಕೆಲವು ತಂತ್ರಾಂಶಗಳಲ್ಲಿ ಡಿಪಿಐ ಇಳಿಸುವಾಗ ‘ರೀಸ್ಯಾಂಪಲ್’ ಎಂಬ ಆಯ್ಕೆಗೆ ಗುರುತು ಬಿದ್ದಿದ್ದರೆ ಪಿಕ್ಸೆಲ್‌ಗಳೂ ಜೊತೆಯಲ್ಲೇ ಕಡಿಮೆಯಾಗುತ್ತವೆ. ಹೀಗೆ ಗಾತ್ರ ಇಳಿದದ್ದನ್ನು ಕಂಡವರು ಅದು ಡಿಪಿಐಯ ಮಹಿಮೆ ಎಂದು ತಿಳಿದಿರಬೇಕು.

ಜಿಪ್‌ನದು ಇನ್ನೂ ಸರಳ. ನಿಮ್ಮ ಫೋಟೊಗಳಿರುವ ಜೆಪೆಗ್ ಸ್ವರೂಪ ಎಂದರೆ ಆಗಲೇ ಹಿಂಡಿ ನೀರು ತೆಗೆದ ಬಟ್ಟೆ. ನಷ್ಟವಿಲ್ಲದ ಸಂಕೋಚನದ ಒಂದು ಸುತ್ತು ಆ ಕಡತದೊಳಗೆ ಮುಗಿದೇ ಇರುತ್ತದೆ, ಆದ್ದರಿಂದ ಜಿಪ್‌ಗೆ ಅದರಲ್ಲಿ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ. ಒಂದು ವೇಳೆ ಉಳಿದಿದ್ದರೂ ಜಿಪ್ ಕಡತವನ್ನು ಬ್ರೌಸರ್ ಚಿತ್ರವಾಗಿ ತೋರಿಸಲಾರದು.

ಮೂರನೆಯ ಪ್ರಯತ್ನದಲ್ಲಿ ನೀವು ಹಿಡಿದ ಕೀಲಿ ಸರಿಯಾದದ್ದೇ, ಆದರೆ ಹಿಡಿದ ಹೊತ್ತು ಸರಿಯಿಲ್ಲ. ಕೋಟಿಗೂ ಹೆಚ್ಚು ಪಿಕ್ಸೆಲ್‌ಗಳನ್ನು ಹಾಗೆಯೇ ಉಳಿಸಿಕೊಂಡು ಅವೆಲ್ಲವನ್ನೂ ಕೆಲವೇ ನೂರು ಕೆಬಿಯಲ್ಲಿ ವರ್ಣಿಸು ಎಂದು ಕೇಳಿದಿರಿ. ಪ್ರತಿ ಪಿಕ್ಸೆಲ್‌ನ ಪಾಲಿಗೆ ಬಂದ ಬೈಟ್‌ಗಳು ತೀರ ಅಲ್ಪವಾದ್ದರಿಂದ ಚಿತ್ರ ಒಡೆಯಿತು. ಅಗತ್ಯವಿಲ್ಲದ ಪಿಕ್ಸೆಲ್‌ಗಳನ್ನು ಮೊದಲೇ ಕಳೆದಿದ್ದರೆ ಉಳಿದವುಗಳಿಗೆ ಧಾರಾಳವಾಗಿ ಬೈಟ್‌ಗಳನ್ನು ಕೊಟ್ಟೂ ಅದೇ ಗಾತ್ರವನ್ನು ತಲುಪಬಹುದಿತ್ತು. ಮೊದಲು ಕತ್ತರಿಸುವುದು, ಆಮೇಲೆ ಅಳತೆ ಇಳಿಸುವುದು, ಕೊನೆಯಲ್ಲಿ ಗುಣಮಟ್ಟದ ಸಂಖ್ಯೆ ಆರಿಸಿ ಒಂದೇ ಒಂದು ಬಾರಿ ಉಳಿಸುವುದು, ನಾನು ಹೇಳುವ ಕ್ರಮ ಇದು.

ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ. ಸಾಮಾನ್ಯ ಮೊಬೈಲ್ ಫೋಟೊ 4000×3000, ಅಂದರೆ 1.2 ಕೋಟಿ ಪಿಕ್ಸೆಲ್. ಪಿಕ್ಸೆಲ್ಲಿಗೆ 3 ಬೈಟ್‌ನಂತೆ ಸಂಕೋಚನವೇ ಇಲ್ಲದೆ ಉಳಿಸಿದರೆ 36 ಎಂಬಿ ಬೇಕು, ಜೆಪೆಗ್ ಅದನ್ನು 4 ಎಂಬಿಯ ಆಸುಪಾಸಿಗೆ ತಂದಿರುತ್ತದೆ. ಇದರ ಅಗಲವನ್ನು 1600ಕ್ಕೆ ಇಳಿಸಿದರೆ ಎತ್ತರ 1200 ಆಗುತ್ತದೆ. ಅಗಲ ಎರಡೂವರೆ ಪಟ್ಟು ತಗ್ಗಿತು, ಎತ್ತರವೂ ಎರಡೂವರೆ ಪಟ್ಟು ತಗ್ಗಿತು, ಆದ್ದರಿಂದ ಪಿಕ್ಸೆಲ್‌ಗಳ ಸಂಖ್ಯೆ 6.25 ಪಟ್ಟು ಕಡಿಮೆಯಾಯಿತು. ಕ್ಯಾಮೆರಾದಿಂದ ಬಂದ 6000×4000 ಚಿತ್ರವಾದರೆ ಅದೇ 1600ರ ಅಗಲಕ್ಕೆ ಇಳಿದಾಗ 14 ಪಟ್ಟು ಕಡಿಮೆ. ಗುಣಮಟ್ಟದ ಕೀಲಿಯನ್ನು ಮುಟ್ಟುವ ಮೊದಲೇ ಇಷ್ಟು ಉಳಿತಾಯ ಸಿಗುತ್ತದೆ. ಕಡತದ ಗಾತ್ರ ಮಾತ್ರ ಇದೇ ಪ್ರಮಾಣದಲ್ಲಿ ಇಳಿಯುವುದಿಲ್ಲ, ಏಕೆಂದರೆ ಅಳತೆ ಇಳಿದಂತೆ ಅದೇ ವಿವರಗಳು ಕಡಿಮೆ ಜಾಗದಲ್ಲಿ ಒತ್ತೊತ್ತಾಗಿ ಕೂರುತ್ತವೆ, ಒಂದೊಂದು ಪಿಕ್ಸೆಲ್ಲಿಗೆ ತಗಲುವ ಬೈಟ್‌ಗಳು ಸ್ವಲ್ಪ ಏರುತ್ತವೆ. ಹಾಗಿದ್ದರೂ 1600 ಪಿಕ್ಸೆಲ್ ಅಗಲದ ಚಿತ್ರ 80ರ ಗುಣಮಟ್ಟದಲ್ಲಿ ಸಾಮಾನ್ಯವಾಗಿ 200ರಿಂದ 500 ಕೆಬಿಯೊಳಗೆ ಬರುತ್ತದೆ. ನೀಲಿ ಆಕಾಶದಲ್ಲಿ ಹಾರುವ ಹದ್ದು ಕೆಳಗಿನ ಅಂಚಿನಲ್ಲಿ ನಿಲ್ಲುತ್ತದೆ, ಎಲೆಗಳ ದಟ್ಟಣೆಯೊಳಗೆ ಅಡಗಿ ಕುಳಿತ ಹಕ್ಕಿ ಮೇಲಿನ ಅಂಚನ್ನೂ ದಾಟಬಹುದು.

1600 ಏಕೆ, 800 ಸಾಲದೇ ಎಂದು ನೀವು ಕೇಳಬಹುದು. ಪುಟದಲ್ಲಿ ಚಿತ್ರಕ್ಕೆ 800 ಪಿಕ್ಸೆಲ್ ಜಾಗವಿದೆ ಎಂದು ವಿನ್ಯಾಸಕಾರರು ಹೇಳುವುದು ಸಿಎಸ್‌ಎಸ್ (ಪುಟದ ವಿನ್ಯಾಸ ಬರೆಯುವ ಭಾಷೆ) ಪಿಕ್ಸೆಲ್‌ಗಳ ಲೆಕ್ಕದಲ್ಲಿ. ಇಂದಿನ ಬಹುತೇಕ ಮೊಬೈಲ್‌ಗಳಲ್ಲಿ, ಅನೇಕ ಲ್ಯಾಪ್‌ಟಾಪ್‌ಗಳಲ್ಲಿ, ಅಂತಹ ಒಂದು ಪಿಕ್ಸೆಲ್ಲಿಗೆ ಪರದೆಯ ಎರಡೋ ಮೂರೋ ನಿಜವಾದ ಚುಕ್ಕೆಗಳು ಅಗಲದಲ್ಲೂ ಅಷ್ಟೇ ಚುಕ್ಕೆಗಳು ಎತ್ತರದಲ್ಲೂ ಇರುತ್ತವೆ. 800ರ ಜಾಗದಲ್ಲಿ 800 ಪಿಕ್ಸೆಲ್ ಚಿತ್ರವನ್ನೇ ಇಟ್ಟರೆ ಆ ಪರದೆಗಳಲ್ಲಿ ಅದು ತುಸು ಮಸುಕಾಗಿ ಕಾಣುತ್ತದೆ, 1600 ಇಟ್ಟರೆ ಗರಿಯ ಗೆರೆಗಳು ಸ್ಪಷ್ಟವಾಗಿ ಕಾಣುತ್ತವೆ. ಮೂರು ಪಟ್ಟು ಕೊಡಬೇಕೆಂಬ ಹಟ ಬೇಡ, ಕೈಯಳತೆಯ ದೂರದಲ್ಲಿ ಎರಡಕ್ಕೂ ಮೂರಕ್ಕೂ ಇರುವ ವ್ಯತ್ಯಾಸ ಬರಿಗಣ್ಣಿಗೆ ಕಷ್ಟದಿಂದ ತಿಳಿಯುತ್ತದೆ. ಆದ್ದರಿಂದ ಪೂರ್ಣ ಚಿತ್ರದ ಉದ್ದನೆಯ ಬದಿಗೆ 1600, ತೀರ ಬೇಕೆನಿಸಿದರೆ 2000, ಇದಕ್ಕಿಂತ ಹೆಚ್ಚು ಇಡಬೇಡಿ ಎಂಬುದು ನನ್ನ ಸಲಹೆ.

ಅದಕ್ಕಿಂತ ಮುಖ್ಯವಾದದ್ದು ಅರವತ್ತು ಪೂರ್ಣ ಚಿತ್ರಗಳನ್ನು ಒಂದೇ ಪುಟದಲ್ಲಿ ಸುರಿಯದಿರುವುದು. ಪುಟದಲ್ಲಿ 480 ಪಿಕ್ಸೆಲ್ ಅಗಲದ ಕಿರುಚಿತ್ರಗಳಷ್ಟೇ ಇರಲಿ, ಒತ್ತಿದವರಿಗೆ ಮಾತ್ರ 1600ರ ಚಿತ್ರ ತೆರೆಯಲಿ. ಸರಾಸರಿ 6 ಎಂಬಿಯ ಅರವತ್ತು ಚಿತ್ರಗಳೆಂದರೆ 360 ಎಂಬಿ. ಸೆಕೆಂಡಿಗೆ 10 ಮೆಗಾಬಿಟ್ (8 ಬಿಟ್ ಸೇರಿದರೆ ಒಂದು ಬೈಟ್) ವೇಗದ ಸಂಪರ್ಕದಲ್ಲಿ ಅದು ಇಳಿಯಲು ಸುಮಾರು ಐದು ನಿಮಿಷ ಬೇಕು. 40 ಕೆಬಿಯ ಅರವತ್ತು ಕಿರುಚಿತ್ರಗಳು 2.4 ಎಂಬಿ, ಅದೇ ಸಂಪರ್ಕದಲ್ಲಿ ಎರಡು ಸೆಕೆಂಡಿನ ಮಾತು. ಇಲ್ಲಿ ಒಂದು ತಪ್ಪನ್ನು ಬಹಳ ಕಡೆ ಕಂಡಿದ್ದೇನೆ: ದೊಡ್ಡ ಚಿತ್ರವನ್ನೇ ಹಾಕಿ, ಪುಟದ ಸಂಪಾದಕದಲ್ಲಿ ಅದರ ಮೂಲೆಯನ್ನು ಎಳೆದು ಚಿಕ್ಕದು ಮಾಡಿಬಿಡುತ್ತಾರೆ. ಕಣ್ಣಿಗೆ ಚಿತ್ರ ಚಿಕ್ಕದಾಗುತ್ತದೆ, ಆದರೆ ಬ್ರೌಸರ್ ಇಡೀ 6 ಎಂಬಿಯನ್ನು ಇಳಿಸಿಕೊಂಡೇ ತೀರಬೇಕು. ಇಳಿಸಿಕೊಂಡ ಮೇಲೆ ಅದನ್ನು ಬಿಚ್ಚಿ ತೋರಿಸಲು ಪಿಕ್ಸೆಲ್ಲಿಗೆ 4 ಬೈಟ್‌ನಂತೆ, 4000×3000ರ ಒಂದೊಂದು ಚಿತ್ರಕ್ಕೂ 48 ಎಂಬಿ ಮೆಮೊರಿ ಹೋಗುತ್ತದೆ. ಹಳೆಯ ಮೊಬೈಲ್‌ನಲ್ಲಿ ನಿಮ್ಮ ಪುಟವನ್ನು ಬೆರಳಿನಿಂದ ಸರಿಸುವಾಗ ಅದು ತಡೆತಡೆದು ಚಲಿಸುತ್ತಿದ್ದರೆ ಕಾರಣ ಇದೇ ಇರಬಹುದು. ಈ ತೊಂದರೆಗೆ ಕಡತದ ಗಾತ್ರ ಇಳಿಸುವುದು ಮದ್ದಲ್ಲ, ಅಳತೆ ಇಳಿಸುವುದೊಂದೇ ಮದ್ದು.

ಹಕ್ಕಿಯ ಫೋಟೊಗಳ ಮಟ್ಟಿಗೆ ಇನ್ನೊಂದು ಅನುಕೂಲವಿದೆ. ಎಷ್ಟೇ ಉದ್ದದ ಲೆನ್ಸ್ ಇದ್ದರೂ ಹಕ್ಕಿ ಚೌಕಟ್ಟಿನ ಒಂದು ಮೂಲೆಯಲ್ಲಿ ಪುಟ್ಟದಾಗಿ ಕೂತಿರುತ್ತದೆ, ಉಳಿದದ್ದೆಲ್ಲ ಮಸುಕಾದ ಕೊಂಬೆ ಮತ್ತು ಬೆಳಕು. 6000×4000 ಚಿತ್ರದಿಂದ ಹಕ್ಕಿಯ ಸುತ್ತಲಿನ 2400×1600 ಭಾಗವನ್ನು ಕತ್ತರಿಸಿಕೊಂಡರೆ ಪಿಕ್ಸೆಲ್‌ಗಳು ಆರನೆಯ ಒಂದು ಭಾಗಕ್ಕೆ ಇಳಿದವು, ಗುಣಮಟ್ಟ ಒಂದು ಚೂರೂ ಹೋಗಲಿಲ್ಲ, ನೋಡುವವರಿಗೆ ಹಕ್ಕಿ ಹತ್ತಿರವೂ ಬಂತು. ಕತ್ತರಿಸಿದ ಮೇಲೆ ಅಳತೆಯನ್ನು ಇಳಿಸಿ. ಇಳಿಸುವ ವಿಧಾನವನ್ನು ಆರಿಸಲು ತಂತ್ರಾಂಶ ಅವಕಾಶ ಕೊಟ್ಟರೆ ಲ್ಯಾಂಕ್ಜೋಸ್ ಅಥವಾ ಬೈಕ್ಯೂಬಿಕ್ ಆರಿಸಿ. ಇಳಿಸಿದ ಚಿತ್ರ ಸ್ವಲ್ಪ ಮೆತ್ತಗೆ ಕಂಡರೆ ಹದವಾಗಿ ‘ಶಾರ್ಪನ್’ ಮಾಡಬಹುದು. ಹದ ಮೀರಿದರೆ ಮಾತ್ರ ಅಂಚುಗಳಲ್ಲಿ ಬಿಳಿ ಗೆರೆ ಮೂಡುವುದಲ್ಲದೆ ಕಡತವೂ ಮತ್ತೆ ಉಬ್ಬುತ್ತದೆ.

ಈಗ ಗುಣಮಟ್ಟದ ಕೀಲಿಗೆ ಬರೋಣ. ಅದು ಒಳಗೆ ಏನು ಮಾಡುತ್ತದೆ ಎಂದು ತಿಳಿದರೆ ಆಕಾಶದ ಚೌಕಗಳೂ ರೆಕ್ಕೆಯಂಚಿನ ಕೊಳೆಯೂ ತಾವಾಗಿ ಅರ್ಥವಾಗುತ್ತವೆ. ಜೆಪೆಗ್ ಚಿತ್ರವನ್ನು ಮೊದಲು ಬೆಳಕಿನ ಪದರ, ಬಣ್ಣದ ಪದರ ಎಂದು ಬೇರ್ಪಡಿಸುತ್ತದೆ. ನಮ್ಮ ಕಣ್ಣು ಬೆಳಕಿನ ಏರಿಳಿತವನ್ನು ಗಮನಿಸುವಷ್ಟು ಸೂಕ್ಷ್ಮವಾಗಿ ಬಣ್ಣದ ಏರಿಳಿತವನ್ನು ಗಮನಿಸುವುದಿಲ್ಲವಾದ್ದರಿಂದ ಬಣ್ಣದ ಪದರಗಳನ್ನು ಸಾಮಾನ್ಯವಾಗಿ ಅರ್ಧ ಅಗಲಕ್ಕೂ ಅರ್ಧ ಎತ್ತರಕ್ಕೂ ಇಳಿಸಿಡಲಾಗುತ್ತದೆ. ಆಮೇಲೆ ಪ್ರತಿ ಪದರವನ್ನೂ 8×8 ಪಿಕ್ಸೆಲ್‌ಗಳ ಚೌಕಗಳಾಗಿ ಹೋಳುಮಾಡಿ, ಒಂದೊಂದು ಚೌಕವನ್ನೂ ನಿಧಾನವಾಗಿ ಬದಲಾಗುವ ಅಲೆಗಳು ಮತ್ತು ಬೇಗಬೇಗ ಬದಲಾಗುವ ಅಲೆಗಳು ಕೂಡಿದ ಮೊತ್ತವಾಗಿ ಬರೆಯುತ್ತದೆ. ಈ ಗಣಿತಕ್ಕೆ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಎಂದು ಹೆಸರು. ನಾಸಿರ್ ಅಹ್ಮದ್, ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರು 1974ರಲ್ಲಿ ಇದನ್ನು ಪ್ರಕಟಿಸಿದರು, 1992ರ ಜೆಪೆಗ್ ಮಾನದಂಡ ಇದರ ಮೇಲೆಯೇ ನಿಂತಿದೆ. ಇಲ್ಲಿಯವರೆಗೆ, ಬಣ್ಣದ ಪದರ ಇಳಿಸಿದ್ದನ್ನು ಬಿಟ್ಟರೆ, ಕಳೆದುಕೊಂಡದ್ದು ಹೆಚ್ಚೇನಿಲ್ಲ. ನಿಜವಾದ ನಷ್ಟ ಮುಂದಿನ ಹೆಜ್ಜೆಯಲ್ಲಿದೆ: ಒಂದೊಂದು ಅಲೆಯ ಪ್ರಮಾಣವನ್ನೂ ಒಂದು ಕೋಷ್ಟಕದ ಸಂಖ್ಯೆಯಿಂದ ಭಾಗಿಸಿ, ಪೂರ್ಣಾಂಕಕ್ಕೆ ಸರಿಹೊಂದಿಸಿ, ಉಳಿಕೆಯನ್ನು ಎಸೆಯಲಾಗುತ್ತದೆ. ಗುಣಮಟ್ಟ ಎಂದು ನೀವು ಆರಿಸುವ ಸಂಖ್ಯೆ ಈ ಭಾಜಕಗಳನ್ನು ಹಿಗ್ಗಿಸುತ್ತದೆ ಅಥವಾ ಕುಗ್ಗಿಸುತ್ತದೆ. ಸಂಖ್ಯೆ ಇಳಿದಂತೆ ಭಾಜಕಗಳು ದೊಡ್ಡವಾಗಿ, ಸೂಕ್ಷ್ಮ ಅಲೆಗಳು ಒಂದೊಂದಾಗಿ ಸೊನ್ನೆಯಾಗುತ್ತವೆ. ಸೊನ್ನೆಗಳ ಉದ್ದನೆಯ ಸಾಲನ್ನು ಬಹಳ ಚಿಕ್ಕದಾಗಿ ಬರೆದಿಡಬಹುದಾದ್ದರಿಂದ ಕಡತ ಇಳಿಯುತ್ತದೆ.

25ರಲ್ಲಿ ಆದದ್ದು ಇದೇ. ಆಕಾಶದ ಪ್ರತಿ ಚೌಕದಲ್ಲೂ ಸರಾಸರಿ ಬೆಳಕೊಂದನ್ನು ಬಿಟ್ಟು ಉಳಿದೆಲ್ಲ ಅಲೆಗಳು ಸೊನ್ನೆಯಾದವು, ಆ ಸರಾಸರಿಯೂ ಒರಟಾಗಿ ಸರಿಹೊಂದಿತು, ಹಾಗಾಗಿ ನೆರೆಯ ಚೌಕಗಳ ನಡುವೆ ಮೆಟ್ಟಿಲುಗಳು ಎದ್ದು ಕಂಡವು. ರೆಕ್ಕೆಯ ಅಂಚಿನಂತಹ ಚೂಪಾದ ಬದಲಾವಣೆಯನ್ನು ಬರೆಯಲು ಎಲ್ಲ ಅಲೆಗಳೂ ಒಟ್ಟಾಗಿ ಬೇಕು, ಕೆಲವನ್ನು ಎಸೆದರೆ ಉಳಿದವು ಒಂದನ್ನೊಂದು ಸರಿತೂಗಿಸಲಾರದೆ ಅಂಚಿನ ಆಚೀಚೆ ತೆಳುವಾದ ಅಲೆಯಾಗಿ ಹರಡುತ್ತವೆ. ನೀವು ಕೊಳೆ ಎಂದದ್ದು ಅದನ್ನೇ. ಹೆಚ್ಚು ಐಎಸ್‌ಒದಲ್ಲಿ, ಅಂದರೆ ಕ್ಯಾಮೆರಾದ ಬೆಳಕಿನ ಸಂವೇದನೆ ಏರಿಸಿ, ತೆಗೆದ ಫೋಟೊಗಳು ಅದೇ ಅಳತೆಯ ಬೇರೆ ಫೋಟೊಗಳಿಗಿಂತ ಏಕೆ ಭಾರವಾಗಿರುತ್ತವೆ ಎಂಬುದೂ ಇದರಿಂದಲೇ ತಿಳಿಯುತ್ತದೆ: ಕಾಳುಕಾಳಾದ ಗದ್ದಲವೆಲ್ಲ (ನಾಯ್ಸ್) ಬೇಗಬೇಗ ಬದಲಾಗುವ ಅಲೆಗಳೇ, ಅದನ್ನು ಕಾಪಾಡಲು ಜೆಪೆಗ್ ವೃಥಾ ಬೈಟ್‌ಗಳನ್ನು ಸುರಿಯುತ್ತದೆ. ಮುಸ್ಸಂಜೆಯ ಚಿತ್ರಗಳಿಗೆ ಮೊದಲು ಗದ್ದಲ ಕಡಿಮೆ ಮಾಡಿ ಆಮೇಲೆ ಉಳಿಸಿದರೆ ನೋಟವೂ ಸುಧಾರಿಸುತ್ತದೆ, ಗಾತ್ರವೂ ಇಳಿಯುತ್ತದೆ.

ಹಾಗಾದರೆ ಯಾವ ಸಂಖ್ಯೆ? ಮೊದಲಿಗೆ, ಅದು ಶೇಕಡಾವಾರು ಪ್ರಮಾಣವಲ್ಲ. 80 ಎಂದರೆ ಮೂಲದ ಶೇಕಡಾ 80ರಷ್ಟು ಗುಣ ಉಳಿದಿದೆ ಎಂದಾಗಲಿ, ಗಾತ್ರ ಶೇಕಡಾ 80 ಆಗುತ್ತದೆ ಎಂದಾಗಲಿ ಅರ್ಥವಿಲ್ಲ, ಒಂದು ತಂತ್ರಾಂಶದ 80 ಇನ್ನೊಂದರ 80ಕ್ಕೆ ಸಮನೂ ಅಲ್ಲ. ಫೋಟೊಶಾಪ್ ಒಂದು ಕಡೆ 0ರಿಂದ 12ರವರೆಗಿನ ಅಳತೆಗೋಲನ್ನೂ ಇನ್ನೊಂದು ಕಡೆ 0ರಿಂದ 100ರವರೆಗಿನದನ್ನೂ ಬಳಸುತ್ತದೆ. ಜಾಲತಾಣ ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್ ಜೆಪೆಗ್‌ಗೆ ತಾನಾಗಿ ಆರಿಸುವುದು 82. ನನ್ನ ಅನುಭವದಲ್ಲಿ 75ರಿಂದ 85ರ ನಡುವೆ ಎಲ್ಲಿಟ್ಟರೂ ಫೋಟೊಗಳಿಗೆ ಸರಿಹೋಗುತ್ತದೆ. 95ರಿಂದ 100ಕ್ಕೆ ಏರಿಸಿದರೆ ಗಾತ್ರ ಮಿತಿಮೀರಿ ಉಬ್ಬುತ್ತದೆ, ಕಣ್ಣಿಗೆ ಮಾತ್ರ ಏನೂ ಸಿಗುವುದಿಲ್ಲ. ಹಾಗೆಯೇ 60ರ ಕೆಳಗೆ ಇಳಿಯಬೇಕಾದ ಪರಿಸ್ಥಿತಿ ಬಂದರೆ ಅಲ್ಲೇ ನಿಂತು ಅಳತೆಯನ್ನು ಇನ್ನಷ್ಟು ಇಳಿಸುವುದು ಮೇಲು: 1200 ಪಿಕ್ಸೆಲ್ಲಿನ ಅಚ್ಚುಕಟ್ಟಾದ ಚಿತ್ರ 2000 ಪಿಕ್ಸೆಲ್ಲಿನ ಒಡಕು ಚಿತ್ರಕ್ಕಿಂತ ಯಾವಾಗಲೂ ಚೆನ್ನಾಗಿ ಕಾಣುತ್ತದೆ. ಪರೀಕ್ಷಿಸುವಾಗ ಚಿತ್ರವನ್ನು ಹಿಗ್ಗಿಸಿ ದೋಷ ಹುಡುಕಬೇಡಿ, ಓದುಗರು ನೋಡುವ ಅಳತೆಯಲ್ಲೇ ನೋಡಿ, ಮೊದಲು ಆಕಾಶದಂತಹ ನುಣುಪಾದ ಭಾಗವನ್ನೂ ಆಮೇಲೆ ಕೊಕ್ಕು ಮತ್ತು ಕಣ್ಣಿನ ಸುತ್ತಲಿನ ಅಂಚನ್ನೂ ಗಮನಿಸಿ. ಒಂದು ಕಡತಕ್ಕೆ ಹೀಗೆ ಸಂಖ್ಯೆ ಗೊತ್ತುಮಾಡಿಕೊಂಡರೆ ಉಳಿದ ಐವತ್ತೊಂಬತ್ತಕ್ಕೂ ಅದನ್ನೇ ಬಳಸಬಹುದು.

ಒಂದೇ ಬಾರಿ ಉಳಿಸಬೇಕು ಎಂದು ಮೇಲೆ ಹೇಳಿದ್ದಕ್ಕೆ ಕಾರಣ ಈಗ ಹೊಳೆದಿರಬಹುದು. ಜೆಪೆಗ್ ಕಡತವನ್ನು ತೆರೆದು, ಏನಾದರೂ ತಿದ್ದಿ, ಮತ್ತೆ ಜೆಪೆಗ್ ಆಗಿ ಉಳಿಸಿದಾಗಲೆಲ್ಲ ಭಾಗಿಸಿ ಎಸೆಯುವ ಹೆಜ್ಜೆ ಮತ್ತೊಮ್ಮೆ ನಡೆಯುತ್ತದೆ. ಕಳೆದುಹೋದದ್ದು ಸಂಖ್ಯೆಯನ್ನು 100ಕ್ಕೆ ಏರಿಸಿ ಉಳಿಸಿದರೂ ಮರಳಿ ಬಾರದು, ಕಡತ ಮಾತ್ರ ದಪ್ಪವಾಗುತ್ತದೆ. ಆದ್ದರಿಂದ ಮೂಲ ಕಡತಗಳನ್ನು ಬೇರೆ ಫೋಲ್ಡರ್‌ನಲ್ಲಿ ಮುಟ್ಟದೆ ಇಟ್ಟು, ಜಾಲತಾಣದ ಪ್ರತಿಗಳನ್ನು ಪ್ರತಿ ಸಲವೂ ಮೂಲದಿಂದಲೇ ತಯಾರಿಸಿ. ಈ ಮಾತನ್ನು ನಾನು ಕಲಿತದ್ದು ಕೈ ಸುಟ್ಟುಕೊಂಡು: ಒಮ್ಮೆ ಒಟ್ಟಿಗೇ ನೂರಾರು ಚಿತ್ರಗಳ ಅಳತೆ ಇಳಿಸುವ ಆಜ್ಞೆಯನ್ನು ಅವಸರದಲ್ಲಿ ಮೂಲಗಳ ಫೋಲ್ಡರ್‌ನಲ್ಲೇ ಓಡಿಸಿಬಿಟ್ಟೆ. ಅದು ಹೇಳಿದ ಕೆಲಸವನ್ನು ನಿಷ್ಠೆಯಿಂದ ಮಾಡಿ, ಮೂಲಗಳ ಮೇಲೆಯೇ 1024 ಪಿಕ್ಸೆಲ್ಲಿನ ಪ್ರತಿಗಳನ್ನು ಬರೆದಿತ್ತು. ಒಂದು ಇಡೀ ಪ್ರವಾಸದ ಫೋಟೊಗಳು ಇಂದಿಗೂ ನನ್ನ ಬಳಿ ಅದೇ ಅಳತೆಯಲ್ಲಿವೆ.

ಸದಸ್ಯರು ತಮ್ಮ ಫೋಟೊಗಳನ್ನು ನಿಮಗೆ ಹೇಗೆ ಕಳುಹಿಸುತ್ತಾರೆ ಎಂಬುದನ್ನೂ ವಿಚಾರಿಸಿಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಕಳುಹಿಸಿದರೆ ಅದು ತಾನೇ ಅಳತೆ ಇಳಿಸಿ, ಒತ್ತಿ ಕಳುಹಿಸುತ್ತದೆ, ನಿಮ್ಮ ಕೈಗೆ ಬರುವುದು ಆಗಲೇ ಒಮ್ಮೆ ಹಿಂಡಿದ ಪ್ರತಿ. ಅದರಿಂದ ಹಕ್ಕಿಯನ್ನು ಕತ್ತರಿಸಿ ತೆಗೆಯಹೊರಟರೆ ಉಳಿಯುವುದು ಅಂಗೈಯಗಲದ ಮಸುಕು. ‘ಡಾಕ್ಯುಮೆಂಟ್’ ಆಗಿ ಕಳುಹಿಸಲು ಹೇಳಿ, ಆಗ ಕಡತ ಇದ್ದಂತೆಯೇ ಬರುತ್ತದೆ.

ವೆಬ್‌ಪಿಯ ವಿಚಾರ. 2010ರಲ್ಲಿ ಗೂಗಲ್ ಹೊರತಂದ ಈ ಸ್ವರೂಪ ವಿಡಿಯೊ ಸಂಕೋಚನದ ತಂತ್ರವನ್ನು ಸ್ಥಿರಚಿತ್ರಕ್ಕೆ ಅಳವಡಿಸಿಕೊಂಡದ್ದು. ಸಮಾನ ಗುಣಮಟ್ಟದ ಜೆಪೆಗ್‌ಗಿಂತ ಶೇಕಡಾ 25ರಿಂದ 34ರಷ್ಟು ಚಿಕ್ಕದಾಗುತ್ತದೆ ಎಂದು ಗೂಗಲ್ ಹೇಳುತ್ತದೆ. 2020ರಲ್ಲಿ ಆ್ಯಪಲ್‌ನ ಬ್ರೌಸರ್ ಸಫಾರಿಯೂ ಇದನ್ನು ತೋರಿಸತೊಡಗಿದ ಮೇಲೆ ಪ್ರಮುಖ ಬ್ರೌಸರ್‌ಗಳಲ್ಲೆಲ್ಲ ಇದಕ್ಕೆ ಅಡ್ಡಿಯಿಲ್ಲ. ಹಾಗಿದ್ದೂ ‘ವೆಬ್‌ಪಿಗೆ ಬದಲಾಯಿಸಿದರೆ ಸಾಕೇ’ ಎಂಬುದಕ್ಕೆ ನನ್ನ ಉತ್ತರ ಸಾಲದು ಎಂದೇ. 6 ಎಂಬಿಯ ಜೆಪೆಗ್ ಅಳತೆ ಬದಲಾಗದೆ ವೆಬ್‌ಪಿಯಾದರೆ 4 ಎಂಬಿಯೋ ನಾಲ್ಕೂವರೆಯೋ ಆದೀತು, ಅಳತೆ ಇಳಿಸಿದ ಮಾಮೂಲಿ ಜೆಪೆಗ್ 300 ಕೆಬಿಗೆ ಬಂದು ಕೂತಿರುತ್ತದೆ. ಅಳತೆ ಇಳಿಸಿದ ಮೇಲೆ ವೆಬ್‌ಪಿ ಮಾಡಿದರೆ ಆ 300 ಕೆಬಿ ಇನ್ನೂರರ ಹತ್ತಿರಕ್ಕೆ ಇಳಿಯಬಹುದು, ಅದು ಲಾಭವೇ. ನನಗೆ ಇರುವ ಒಂದು ತಕರಾರೆಂದರೆ, ಗುಣಮಟ್ಟ ಇಳಿಸಿದಾಗ ವೆಬ್‌ಪಿ ಚೌಕಗಳನ್ನು ತೋರಿಸದಿದ್ದರೂ ಎದೆಯ ಗರಿಗಳಂತಹ ನವಿರಾದ, ಅಷ್ಟೇನೂ ಎದ್ದು ಕಾಣದ ವಿನ್ಯಾಸವನ್ನು ಸವರಿ ನುಣ್ಣಗೆ ಮಾಡಿಬಿಡುತ್ತದೆ. ಹಕ್ಕಿಯನ್ನು ಗುರುತಿಸುವುದೇ ಅಂತಹ ಗೆರೆಗಳಿಂದ ಎಂದಾಗ ಸಂಖ್ಯೆಯನ್ನು 80ಕ್ಕಿಂತ ಕೆಳಗೆ ತರಬೇಡಿ. ಎವಿಐಎಫ್ ಎಂಬ ಸ್ವರೂಪ ಇನ್ನೂ ಹೊಸದು, 2019ರದು, ಗಾತ್ರದಲ್ಲಿ ವೆಬ್‌ಪಿಯನ್ನೂ ಸಾಮಾನ್ಯವಾಗಿ ಮೀರಿಸುತ್ತದೆ, ಆದರೆ ಕಡತ ತಯಾರಾಗಲು ಹೆಚ್ಚು ಹೊತ್ತು ಹಿಡಿಯುತ್ತದೆ, ತೀರ ಹಳೆಯ ಬ್ರೌಸರ್‌ಗಳಲ್ಲಿ ತೆರೆಯುವುದೂ ಇಲ್ಲ. ನಿಮ್ಮ ಜಾಲತಾಣದ ತಂತ್ರಾಂಶವೇ ಈ ಸ್ವರೂಪಗಳನ್ನು ತಾನಾಗಿ ತಯಾರಿಸಿಕೊಡುವುದಾದರೆ ಬಳಸಿಕೊಳ್ಳಿ. ಇಲ್ಲವಾದರೆ ಮೊಜಿಲ್ಲಾದವರು 2014ರಲ್ಲಿ ಹೊರತಂದ ಮಾಜ್‌ಜೆಪೆಗ್ ಎಂಬ ಸಂಕೋಚಕದಿಂದ ಉಳಿಸಿದ ಜೆಪೆಗ್ ನಿಮಗೆ ಧಾರಾಳವಾಗಿ ಸಾಕು. ಹಳೆಯ ಬ್ರೌಸರ್‌ಗಳಿಗೂ ಅದು ಸಾಮಾನ್ಯ ಜೆಪೆಗ್ ಆಗಿಯೇ ಕಾಣುತ್ತದೆ.

ಇನ್ನೆರಡು ಸ್ವರೂಪಗಳ ಬಗ್ಗೆ ಎರಡೇ ಮಾತು. ಪಿಎನ್‌ಜಿ ನಷ್ಟವಿಲ್ಲದ ಸ್ವರೂಪವಾದ್ದರಿಂದ ಫೋಟೊಗಳಿಗೆ ಬಳಸಿದರೆ ಕಡತ ಜೆಪೆಗ್‌ನ ಹಲವು ಪಟ್ಟಾಗುತ್ತದೆ, ಆದರೆ ನೀವು ಹಾಕುವ ನಕ್ಷೆ, ಹಕ್ಕಿಗಳ ಪಟ್ಟಿಯ ಸ್ಕ್ರೀನ್‌ಶಾಟ್, ಅಕ್ಷರಗಳಿರುವ ಚಿತ್ರಗಳಿಗೆ ಅದೇ ಸರಿ. ಐಫೋನ್‌ಗಳಿಂದ ಬರುವ ಎಚ್‌ಇಐಸಿ ಕಡತಗಳು ಚಿಕ್ಕವೇ ಆದರೂ ಹೆಚ್ಚಿನ ಬ್ರೌಸರ್‌ಗಳು ಅವುಗಳನ್ನು ತೋರಿಸುವುದಿಲ್ಲ, ಜೆಪೆಗ್‌ಗೆ ಬದಲಾಯಿಸಿಯೇ ಹಾಕಬೇಕು.

ನೀವು ಕೇಳದಿದ್ದರೂ ಹೇಳಲೇಬೇಕಾದ ಸಂಗತಿ ಒಂದಿದೆ. ಫೋಟೊ ಕಡತದೊಳಗೆ ಚಿತ್ರದ ಜೊತೆಗೆ ಎಕ್ಸಿಫ್ ಎಂಬ ಮಾಹಿತಿಯೂ ಇರುತ್ತದೆ: ಕ್ಯಾಮೆರಾ, ಲೆನ್ಸ್, ದಿನಾಂಕ, ಪುಟ್ಟ ಮುನ್ನೋಟದ ಚಿತ್ರ, ಮೊಬೈಲ್ ಆಗಿದ್ದರೆ ಬಹಳ ಸಲ ಜಿಪಿಎಸ್ ಸ್ಥಾನವೂ. ಇದೆಲ್ಲ ಸೇರಿ ಕೆಲವು ಹತ್ತು ಕೆಬಿಯಷ್ಟೇ ಆಗುವುದರಿಂದ ದೊಡ್ಡ ಚಿತ್ರಕ್ಕೆ ಹೊರೆಯಲ್ಲ, ಕಿರುಚಿತ್ರಕ್ಕೆ ಮಾತ್ರ ದೊಡ್ಡ ಪಾಲೇ. ಆದರೆ ಪಕ್ಷಿವೀಕ್ಷಕರಿಗೆ ಗಾತ್ರಕ್ಕಿಂತ ಗಂಭೀರವಾದ ವಿಷಯ ಆ ಜಿಪಿಎಸ್ ಸ್ಥಾನ. ಅಪರೂಪದ ಹಕ್ಕಿಯ ಗೂಡಿನ ಫೋಟೊವನ್ನು ಊರಿನ ಹೆಸರೂ ಬರೆಯದೆ ಎಚ್ಚರಿಕೆಯಿಂದ ಪ್ರಕಟಿಸಿದ್ದರೂ, ಕಡತವನ್ನು ಇಳಿಸಿಕೊಂಡ ಯಾರೇ ಆಗಲಿ ಆ ಮರದ ಬುಡಕ್ಕೇ ನಡೆದು ಹೋಗಬಹುದು. ಆದ್ದರಿಂದ ಉಳಿಸುವಾಗ ಈ ಮಾಹಿತಿಯನ್ನು ತೆಗೆಯುವ ಆಯ್ಕೆಯನ್ನು ಗುರುತಿಸಿ. ತೆಗೆಯುವಾಗ ಎರಡು ಕಡೆ ಎಚ್ಚರ ಬೇಕು. ಮೊಬೈಲನ್ನು ಅಡ್ಡ ಅಥವಾ ನೇರ ಹಿಡಿದದ್ದರ ಗುರುತು ಎಕ್ಸಿಫ್‌ನಲ್ಲೇ ಇರುವುದರಿಂದ, ಮೊದಲು ಪಿಕ್ಸೆಲ್‌ಗಳನ್ನೇ ತಿರುಗಿಸಿಕೊಳ್ಳದೆ ಅದನ್ನು ಅಳಿಸಿದರೆ ಹಕ್ಕಿ ಮಗ್ಗುಲಾಗಿ ಮಲಗಿಬಿಡುತ್ತದೆ. ಬಣ್ಣದ ಪ್ರೊಫೈಲ್ (ಚಿತ್ರದ ಬಣ್ಣಗಳನ್ನು ಹೇಗೆ ಓದಬೇಕೆಂಬ ಸೂಚನೆ) ಅಳಿಸುವ ಮೊದಲು ಚಿತ್ರವನ್ನು ಜಾಲತಾಣಗಳ ಸಾಮಾನ್ಯ ಬಣ್ಣವ್ಯವಸ್ಥೆಯಾದ ಎಸ್‌ಆರ್‌ಜಿಬಿಗೆ ಬದಲಾಯಿಸಿಕೊಳ್ಳಬೇಕು, ಇಲ್ಲವಾದರೆ ಹೆಚ್ಚು ವಿಸ್ತಾರದ ಬಣ್ಣಗಳಲ್ಲಿ ತೆಗೆದ ಫೋಟೊಗಳಲ್ಲಿ ಮಿಂಚುಳ್ಳಿಯ ನೀಲಿಯೇ ಬಾಡಿದಂತೆ ಕಾಣುತ್ತದೆ. ಹಾಗೆಯೇ ಕೆಲವು ಮೊಬೈಲ್‌ಗಳ ‘ಮೋಷನ್ ಫೋಟೊ’ ಸೌಲಭ್ಯ ಚಾಲೂ ಇದ್ದರೆ ಜೆಪೆಗ್ ಕಡತದ ಬಾಲಕ್ಕೆ ಕೆಲವು ಸೆಕೆಂಡುಗಳ ವಿಡಿಯೊವೊಂದು ಅಂಟಿಕೊಂಡಿರುತ್ತದೆ. ನಿಮ್ಮ ಫೋಟೊಗಳ ಪೈಕಿ ಕೆಲವು ಕಾರಣವಿಲ್ಲದೆ 8 ಎಂಬಿ ಇದ್ದರೆ ಇದನ್ನೂ ಶಂಕಿಸಬಹುದು. ಹೊಸದಾಗಿ ಉಳಿಸಿದ ಪ್ರತಿಯಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ.

ಉಪಕರಣಗಳು ಬೇಕಾದಷ್ಟಿವೆ, ಎಲ್ಲವೂ ಉಚಿತವಾಗಿ ಸಿಗುವಂಥವೇ. ಒಂದೆರಡು ಚಿತ್ರಗಳ ಮೇಲೆ ಪ್ರಯೋಗ ಮಾಡಿ ಸಂಖ್ಯೆ ಗೊತ್ತುಮಾಡಿಕೊಳ್ಳಲು ಸ್ಕ್ವೂಶ್ ಬಹಳ ಅನುಕೂಲ. ಅದು ಬ್ರೌಸರ್‌ನಲ್ಲೇ ನಡೆಯುತ್ತದೆ, ಚಿತ್ರ ನಿಮ್ಮ ಕಂಪ್ಯೂಟರ್ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ, ನಡುವಿನ ಗೆರೆಯನ್ನು ಅತ್ತಿತ್ತ ಸರಿಸುತ್ತ ಮೂಲವನ್ನೂ ಒತ್ತಿದ ಪ್ರತಿಯನ್ನೂ ಹೋಲಿಸಿ ನೋಡಬಹುದು. ಚಿತ್ರ ತಿದ್ದುವ ತಂತ್ರಾಂಶವಾದ ಗಿಂಪ್‌ನಲ್ಲಿ ‘ಸ್ಕೇಲ್ ಇಮೇಜ್’ ಮೂಲಕ ಅಳತೆ ಇಳಿಸಿ, ‘ಎಕ್ಸ್‌ಪೋರ್ಟ್ ಆಸ್’ ಮೂಲಕ ಉಳಿಸುವಾಗ ಮುನ್ನೋಟದ ಆಯ್ಕೆಯನ್ನು ಗುರುತಿಸಿದರೆ ಗುಣಮಟ್ಟ ಬದಲಿಸಿದಂತೆಲ್ಲ ಗಾತ್ರ ಎಷ್ಟಾಗುತ್ತದೆ ಎಂದು ಅಲ್ಲೇ ತೋರಿಸುತ್ತದೆ. ಅರವತ್ತು ಚಿತ್ರಗಳನ್ನು ಹೀಗೆ ಒಂದೊಂದಾಗಿ ಮಾಡುತ್ತ ಕೂರುವುದು ಮಾತ್ರ ಯಾರಿಂದಲೂ ಆಗದ ಕೆಲಸ. ಅದಕ್ಕೆ ಎಕ್ಸ್‌ಎನ್‌ಕನ್ವರ್ಟ್ ಅಥವಾ ಇರ್ಫಾನ್‌ವ್ಯೂನ ಬ್ಯಾಚ್ ಸೌಲಭ್ಯ ಬಳಸಿ. ಉದ್ದನೆಯ ಬದಿ 1600, ಚಿಕ್ಕ ಚಿತ್ರಗಳನ್ನು ಹಿಗ್ಗಿಸಬಾರದು, ಎಸ್‌ಆರ್‌ಜಿಬಿಗೆ ಬದಲಾಯಿಸಬೇಕು, ಎಕ್ಸಿಫ್‌ನಂತೆ ತಿರುಗಿಸಿ ಆಮೇಲೆ ಎಕ್ಸಿಫ್ ತೆಗೆಯಬೇಕು, ಜೆಪೆಗ್ 80, ಫಲಿತಾಂಶ ಬೇರೆ ಫೋಲ್ಡರ್‌ಗೆ ಎಂದು ಒಮ್ಮೆ ಹೊಂದಿಸಿ ಆ ಹೊಂದಿಕೆಯನ್ನೇ ಉಳಿಸಿಟ್ಟುಕೊಳ್ಳಿ. ಅದರ ಇನ್ನೊಂದು ಪ್ರತಿಯನ್ನು 480ಕ್ಕೆ ಹೊಂದಿಸಿದರೆ ಕಿರುಚಿತ್ರಗಳೂ ಸಿದ್ಧ.

ಪುಟದ ಕಡೆಯಿಂದಲೂ ಸ್ವಲ್ಪ ಕೆಲಸವಿದೆ. ನಿಮ್ಮದು ವರ್ಡ್‌ಪ್ರೆಸ್ ಆಗಿದ್ದರೆ ಏರಿಸಿದ ಚಿತ್ರದಿಂದ ಹಲವು ಅಳತೆಯ ಪ್ರತಿಗಳನ್ನು ಅದೇ ತಯಾರಿಸುತ್ತದೆ, 2019ರ 5.3ನೇ ಆವೃತ್ತಿಯಿಂದ ಈಚೆಗೆ 2560 ಪಿಕ್ಸೆಲ್ ಮೀರಿದ ಚಿತ್ರಗಳನ್ನು ಆ ಅಳತೆಗೆ ಇಳಿಸಿ ಬಳಸುತ್ತದೆ. ಆದರೂ ಮೂಲ ಕಡತ ಸರ್ವರ್‌ನಲ್ಲೇ ಉಳಿದು ಜಾಗ ತಿನ್ನುವುದರಿಂದ ಇಳಿಸಿದ ಮೇಲೆ ಏರಿಸುವುದೇ ಒಳ್ಳೆಯದು. ಪುಟವನ್ನು ಕೈಯಾರೆ ಬರೆಯುವುದಾದರೆ ಮೂರು ಸಂಗತಿ ನೋಡಿಕೊಳ್ಳಿ. ಒಂದೇ ಚಿತ್ರದ ಬೇರೆ ಬೇರೆ ಅಳತೆಗಳನ್ನು ಎಚ್‌ಟಿಎಂಎಲ್‌ನ ‘ಎಸ್‌ಆರ್‌ಸಿಸೆಟ್’ (srcset) ಗುಣಲಕ್ಷಣದಲ್ಲಿ ಪಟ್ಟಿಮಾಡಿದರೆ ಬ್ರೌಸರ್ ತನ್ನ ಪರದೆಗೆ ಹೊಂದುವುದನ್ನು ತಾನೇ ಆರಿಸಿಕೊಳ್ಳುತ್ತದೆ. ಪ್ರತಿ ಚಿತ್ರದ ಅಗಲ ಮತ್ತು ಎತ್ತರವನ್ನು ನಮೂದಿಸಿದರೆ, ಚಿತ್ರ ಬರುವ ಮೊದಲೇ ಜಾಗ ಕಾದಿರಿಸಿ, ಓದುತ್ತಿರುವಾಗ ಸಾಲುಗಳು ಜಿಗಿಯುವುದು ತಪ್ಪುತ್ತದೆ. ಪುಟದ ಕೆಳಭಾಗದ ಚಿತ್ರಗಳಿಗೆ ‘ಲೇಜಿ ಲೋಡಿಂಗ್’ ಹಾಕಿದರೆ ಓದುಗರು ಅಲ್ಲಿಗೆ ಬರುವ ಹೊತ್ತಿಗಷ್ಟೇ ಅವು ಇಳಿಯುತ್ತವೆ. ಪುಟ ತೆರೆದೊಡನೆ ಕಾಣುವ ಮೊದಲ ಚಿತ್ರಕ್ಕೆ ಮಾತ್ರ ಅದನ್ನು ಹಾಕಬೇಡಿ, ತಡವಾಗುವುದು ಅದೇ ಆಗುತ್ತದೆ.

ಈಗಾಗಲೇ ಪ್ರಕಟವಾಗಿರುವ ಹಳೆಯ ಪುಟಗಳನ್ನು ಎಲ್ಲಿಂದ ಸರಿಪಡಿಸಬೇಕು ಎಂಬ ಚಿಂತೆ ಬಂದರೆ, ಹೆಚ್ಚು ಜನ ನೋಡುವ ನಾಲ್ಕಾರು ಪುಟಗಳಿಂದ ಆರಂಭಿಸಿ. ಹೊಸ ಕಡತಗಳಿಗೆ ಹಳೆಯ ಹೆಸರುಗಳನ್ನೇ ಇಟ್ಟು ಅದೇ ಜಾಗಕ್ಕೆ ಏರಿಸಿದರೆ ಕೊಂಡಿಗಳನ್ನು ತಿದ್ದಬೇಕಾಗಿಲ್ಲ. ಏರಿಸಿದ ತಕ್ಷಣ ನಿಮ್ಮದೇ ಬ್ರೌಸರ್‌ನಲ್ಲಿ ಹಳೆಯ ಚಿತ್ರವೇ ಕಂಡರೆ ಗಾಬರಿಯಾಗಬೇಡಿ, ಅದು ತನ್ನ ಕ್ಯಾಶ್‌ನಲ್ಲಿ ಉಳಿಸಿಕೊಂಡ ಪ್ರತಿಯನ್ನು ತೋರಿಸುತ್ತಿರುತ್ತದೆ. ಖಾಸಗಿ ವಿಂಡೊದಲ್ಲಿ ಪುಟವನ್ನು ತೆರೆದು, ಡೆವಲಪರ್ ಟೂಲ್ಸ್‌ನ ‘ನೆಟ್‌ವರ್ಕ್’ ವಿಭಾಗದ ಕೆಳಗೆ ಒಟ್ಟು ಎಷ್ಟು ಎಂಬಿ ಇಳಿಯಿತು ಎಂಬುದನ್ನು ನೋಡಿ. ಆ ಸಂಖ್ಯೆ ಮೂರರ ಒಳಗಿದ್ದರೆ ನಿಮ್ಮ ಅರವತ್ತು ಹಕ್ಕಿಗಳ ಪುಟ ಸರಿಯಾದ ಹದಕ್ಕೆ ಬಂದಿದೆ.